ಬೆಟ್ಟದ ಪಾರಿವಾಳಕ್ಕೆ ಒಂದೇ ತಲೆ

ಮೊನ್ನೆ ನೀವೆಲ್ಲ ಗುಡಿಯ ಮುಂದೆ ನಿಂತು ಗೋಪುರದ ಪಾರಿವಾಳಗಳಿಗೆ ಜೋಳ ಎರಚುತ್ತಿದ್ದಿರಿ. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಅವೂ ಚೆಂದದ ಹಕ್ಕಿಗಳೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಕಂಡ ಪಾರಿವಾಳ ಬೇರೆ. ಅದು ನೆಲಕ್ಕೆ ಎಸೆದ ಕಾಳಿಗೆ ಇಳಿಯುವ ಹಕ್ಕಿಯಲ್ಲ. ಅದರ ವಿಷಯ ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಸಾಕು, ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಬುಕ್ಕಾಂಬುಧಿಯ ಕೂಲಿಮಠದಲ್ಲಿ ಅಯ್ಯನವರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರ ನನ್ನದು. ತಪ್ಪಿದ್ದಲ್ಲಿ ನೀವೇ ಸರಿಮಾಡಿಕೊಂಡು ಓದಿ.

ನಾನು ಮದುವೆಯಾಗಿ ಬಂದಾಗ ನಿಮ್ಮಜ್ಜ ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ತರೀಕೆರೆಯ ಆಚೆ, ಬಾಬಾಬುಡನ್ ಬೆಟ್ಟಸಾಲಿನ ಮಗ್ಗುಲಲ್ಲಿ, ಕಡಿದ ಮರಗಳ ಲೆಕ್ಕ ಬರೆಯುವ ಕೆಲಸ. ಇರುವುದಕ್ಕೆ ಇಲಾಖೆಯ ಚಿಕ್ಕ ಹೆಂಚಿನ ಮನೆ. ಮನೆಯ ಹಿಂದಿನಿಂದಲೇ ಕಾಡು ಶುರು. ನಾನು ಬಯಲುಸೀಮೆಯವಳು. ಮಾವನವರ ಮನೆ ಸಖರಾಯಪಟ್ಟಣದ ಬಳಿ, ರಾಗಿ ಹೊಲ, ತೆಂಗಿನ ತೋಟ. ತವರೂ ಅಂಥದ್ದೇ. ಕಣ್ಣು ಹಾಯಿಸಿದಷ್ಟು ದೂರ ಕಾಣುವ ಊರುಗಳಲ್ಲಿ ಬೆಳೆದವಳಿಗೆ ಹತ್ತು ಮಾರು ಆಚೆ ಏನಿದೆಯೆಂದು ಕಾಣದ ಆ ಕಾಡೆಂದರೆ ಮೊದಮೊದಲು ಹೆದರಿಕೆಯಾಗುತ್ತಿತ್ತು. ಆಮೇಲೆ ನನ್ನ ಸ್ವಭಾವಕ್ಕೆ ಅದೇ ಒಗ್ಗಿತು. ಅಲ್ಲಿ ನನ್ನನ್ನು ಮಾತಾಡಿಸುವವರು ಕಡಿಮೆ.

ನಿಮ್ಮಜ್ಜನ ಹತ್ತಿರ ಒಂದು ಕ್ಯಾಮರಾ ಇತ್ತು. ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹಿಂದಿರುಗುವಾಗ ಅದನ್ನೂ, ಮರದ ಪೆಟ್ಟಿಗೆಯೊಂದರಲ್ಲಿ ಗಾಜಿನ ಪ್ಲೇಟುಗಳನ್ನೂ, ಔಷಧಿಯ ಸೀಸೆಗಳನ್ನೂ ಇವರಿಗೆ ಕೊಟ್ಟು ಹೋಗಿದ್ದರಂತೆ. ಮೂರು ಕಾಲಿನ ಮೇಲೆ ನಿಲ್ಲಿಸುವ, ತಿದಿಯ ಹಾಗೆ ಹಿಗ್ಗುವ ದೊಡ್ಡ ಕ್ಯಾಮರಾ. ಹಿಂದೆ ಒಂದು ಮಸುಕು ಗಾಜು. ಅದರ ಮೇಲೆ ಕರಿ ಬಟ್ಟೆ ಹೊದ್ದು ನೋಡಿದರೆ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಮೊದಲ ಸಲ ಅವರು ನನಗೆ ತೋರಿಸಿದಾಗ ಹಿತ್ತಲ ಬೇಲಿ, ಒಣಗಲು ಹಾಕಿದ ನನ್ನ ಸೀರೆ, ಅದರಾಚೆಯ ಮರ ಎಲ್ಲವೂ ಆಕಾಶದಿಂದ ಇಳಿಬಿದ್ದಿದ್ದವು. ನಾನು ಬಟ್ಟೆಯೊಳಗಿಂದ ಈಚೆ ಬರಲೇ ಇಲ್ಲ.

"ಸಾಕು ಬಾರೇ, ಒಳಗೇ ಸಂಸಾರ ಹೂಡ್ತೀಯೇನು?" ಎಂದು ನಕ್ಕರು.

ನನಗೆ ಆ ಕರಿ ಬಟ್ಟೆ ಬಹಳ ಹಿಡಿಸಿತ್ತು. ಅದರೊಳಗೆ ನಿಂತರೆ ನಾನು ಎಲ್ಲವನ್ನೂ ನೋಡಬಹುದು, ನನ್ನನ್ನು ಯಾರೂ ನೋಡುವ ಹಾಗಿಲ್ಲ.

ಆ ಕಾಡಿನಲ್ಲಿ ಪಾರಿವಾಳದ ಜಾತಿ ಹಲವಿದ್ದವು. ಎಳೆ ಬಾಳೆಎಲೆಯ ಬಣ್ಣದ ಹಸಿರು ಪಾರಿವಾಳಗಳು ಅತ್ತಿಯ ಮರದಲ್ಲಿ ನೂರಿದ್ದರೂ ಅಲುಗದ ಹೊರತು ಕಾಣುತ್ತಿರಲಿಲ್ಲ. ಕುತ್ತಿಗೆಯ ಹಿಂದೆ ಪಗಡೆ ಹಾಸಿನಂತೆ ಕಪ್ಪು ಬಿಳಿ ಚೌಕವಿದ್ದ ಇನ್ನೊಂದು ಜಾತಿ ತರಗೆಲೆಯಲ್ಲಿ ಒಂಟಿಯಾಗಿ ನಡೆದಾಡುತ್ತಿತ್ತು. ಇವೆಲ್ಲದರ ಮೇಲೆ ಬೆಟ್ಟದ ದೊಡ್ಡ ಪಾರಿವಾಳ. ನಿಮ್ಮಜ್ಜ ಮನಸ್ಸು ಕೊಟ್ಟಿದ್ದು ಅದಕ್ಕೆ. ಗುಡಿಯ ಪಾರಿವಾಳ ಎರಡು ಸೇರಿದರೆ ಅದರ ಒಂದು. ತಲೆ, ಕುತ್ತಿಗೆ, ಎದೆ ಎಲ್ಲ ಹಣೆಗೆ ಹಚ್ಚಿದ ವಿಭೂತಿ ಒಣಗಿದಾಗಿನ ಬಣ್ಣ, ಅದರೊಳಗೆ ನಸುಗೆಂಪು. ಬೆನ್ನು ರೆಕ್ಕೆಗಳು ಬೆಳಗದ ತಾಮ್ರದ ಹಂಡೆಯ ಕಂದು. ಬಾಲ ಕಪ್ಪು, ತುದಿಗೆ ಮಾಸಲು ಪಟ್ಟಿ. ಕಾಲು ಕೆಂಪು, ಕಣ್ಣಿನ ಸುತ್ತಲೂ ಕೆಂಪು ಗೆರೆ. ಬೆಳಗಿನ ಬಿಸಿಲಿಗೆ ಎತ್ತರದ ಮರದ ತುದಿಯಿಂದ ಒಂದು ಹಕ್ಕಿ ನೆಟ್ಟಗೆ ಮೇಲಕ್ಕೇರುವುದು, ಇನ್ನು ಏರಲಾರೆ ಎನ್ನುವಲ್ಲಿ ರೆಕ್ಕೆ ಬಿಚ್ಚಿ ಸುಮ್ಮನೆ ಜಾರುತ್ತ ಕಣಿವೆಗೆ ಇಳಿಯುವುದು. ಮತ್ತೆ ಏರುವುದು. ಯಾವ ಕೆಲಸಕ್ಕೂ ಅಲ್ಲ. ನೋಡುತ್ತ ನಿಂತ ನನ್ನ ಒಲೆಯ ಮೇಲಿನ ಹಾಲು ಎಷ್ಟು ದಿನ ಉಕ್ಕಿತೋ.

ಅದರ ಕೂಗು ದೊಡ್ಡ ಕೊಳಗದೊಳಗೆ ಬಾಯಿಟ್ಟು ಯಾರೋ ಹೂಂಗುಟ್ಟಿದ ಹಾಗೆ. ಕಿವಿಗಿಂತ ಮೊದಲು ಎದೆಗೆ ತಾಕುತ್ತಿತ್ತು. ಪಾಪ, ಆ ಕೂಗು ನಿಮ್ಮಜ್ಜನಿಗೆ ಕೇಳಿಸದಂತಾಗಿತ್ತು. ತರೀಕೆರೆಯ ಕಡೆ ಆಗ ಚಳಿಜ್ವರ ಬಿಡದ ಮನೆಯಿರಲಿಲ್ಲ. ಇವರಿಗೂ ಹಿಡಿದಿತ್ತು. ಜ್ವರಕ್ಕೆ ಕ್ವಿನೈನು ನುಂಗುವುದು, ಕ್ವಿನೈನಿಗೆ ಕಿವಿ ಗುಂಯ್ಗುಡುವುದು.

"ಕಿವಿಯೊಳಗೆ ಜೀರುಂಡೆ ಮನೆ ಮಾಡ್ಕೊಂಡಿದೆ ಕಣೇ. ಅದು ಸುಮ್ಮನಾದ್ರೆ ಉಳಿದೋರ ಮಾತು ಕೇಳ್ತದೆ" ಎನ್ನುತ್ತಿದ್ದರು.

ಹಾಗಾಗಿ ಹಕ್ಕಿ ಹುಡುಕಲು ಹೊರಟಾಗ ನಾನು ಜೊತೆಗೆ ಹೋಗಬೇಕಾಯಿತು. ನಾನು ಕೇಳುವುದು, ತೋಳು ಮುಟ್ಟಿ ದಿಕ್ಕು ತೋರಿಸುವುದು, ಅವರು ನೋಡುವುದು. ಮಾತಿನ ಅವಶ್ಯಕತೆಯೇ ಇಲ್ಲದ ಇಂಥ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು.

ಆ ಬೇಸಿಗೆ ಭಾವನವರು, ಎಂದರೆ ಅವರ ಅಣ್ಣ, ಊರಿನಿಂದ ಬಂದರು. ತಮ್ಮನ ಇಳಿದ ಕೆನ್ನೆ ನೋಡಿ ಜಗಲಿ ಹತ್ತುವ ಮೊದಲೇ ಬೈಯಲು ಶುರುಮಾಡಿದರು.

"ಈ ಸುಡುಗಾಡು ಕೆಲಸ ಬಿಡು ಅಂತ ಅಪ್ಪ ಹೇಳವ್ರೆ. ಮಳೆ ಹಿಡಿಯೋದ್ರೊಳಗೆ ಗಾಡಿ ತತ್ತೀನಿ. ತೋಟ ನೋಡ್ಕಂಡು ಊರಾಗೆ ಬಿದ್ದಿರು."

ಇವರು ತಲೆಯಾಡಿಸಿದರು. ಬಿಟ್ಟು ಹೋಗಲೇಬೇಕೆಂದು ಅವರಿಗೂ ಗೊತ್ತಿತ್ತು. ಇನ್ನೊಂದು ಮಳೆಗಾಲ ಅಲ್ಲಿ ಕಳೆದರೆ ಮೈ ತಡೆಯುತ್ತಿರಲಿಲ್ಲ.

"ಬರ್ತೀನಣ್ಣ. ಹೋಗೋ ಮುಂಚೆ ಆ ದೊಡ್ಡ ಪಾರಿವಾಳದ್ದು ಒಂದು ಫೋಟೋ ಆಗ್ಬೇಕು. ಅಪ್ಪನಿಗೆ ತೋರಿಸ್ಬೇಕು."

ಭಾವನವರು ನನ್ನ ಕಡೆಗೂ ಒಮ್ಮೆ ನೋಡಿ ಜೋರಾಗಿ ನಕ್ಕರು. "ಪಾರಿವಾಳ ನೋಡಾಕೆ ಬೆಟ್ಟ ಹತ್ತಬೇಕೇನೋ? ನಮ್ಮೂರ ಗುಡಿ ಗೋಪುರದಾಗೆ ಬೇಕಾದಷ್ಟು ಅವೆ. ಕಟ್ಟೆ ಮ್ಯಾಲೆ ಕೂತ್ಕಂಡು ತೆಗಿ, ಜ್ವರನೂ ಬರಕಿಲ್ಲ."

ನಕ್ಕರೂ ಅವರು ಕೆಟ್ಟವರಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ, ಎತ್ತಿಗೆಂದು ಗಾಡಿಯಲ್ಲಿ ತಂದಿದ್ದ ಜೋಳದ ಚೀಲ ಬಿಚ್ಚಿ ಮನೆಯ ಹಿಂದಿನ ಕಾಡಿನ ಅಂಚಿಗೆಲ್ಲ ಕೈತುಂಬ ಎರಚಿ, ಬಾ ಬಾ ಎಂದು ನಾಲಿಗೆ ಲೊಚಗುಟ್ಟುತ್ತ ನಿಂತಿದ್ದರು. ತಮ್ಮನಿಗೆ ಹಕ್ಕಿ ಇಳಿಸಿಕೊಟ್ಟೇ ಹೋಗುತ್ತೇನೆಂದು ಹಟ. ಬಂದವು, ಕಾಡುಕೋಳಿಗಳು. ಮರಿ ಮಕ್ಕಳನ್ನೆಲ್ಲ ಕರೆದುಕೊಂಡು ಬಂದವು. ಬೆಟ್ಟದ ಪಾರಿವಾಳ ಹಣ್ಣು ತಿನ್ನುವ ಹಕ್ಕಿ. ರಾಮಪತ್ರೆಯ ಕಾಯನ್ನು ಬೀಜ ಸಮೇತ ಇಡಿಯಾಗಿ ನುಂಗುತ್ತದೆ. ಅದರ ಗಂಟಲು ಅಷ್ಟು ಹಿಗ್ಗುವುದನ್ನು ನೋಡಿದರೆ ನಮ್ಮ ಗಂಟಲೇ ಬಿಗಿಯುತ್ತದೆ. ಜೋಳ ಅದಕ್ಕೆ ಮಣ್ಣಿಗೆ ಸಮ.

"ಕಾಳು ತಿನ್ನದ ಪಾರಿವಾಳ ಎಂಥದ್ದೋ!" ಎಂದು ಭಾವನವರು ಖಾಲಿ ಚೀಲ ಕೊಡವಿ ಹೊರಟರು. ಅವರಿಗೆ ನಂಬಿಕೆ ಬಂದಿರಲಿಲ್ಲ. ಗಾಡಿ ತಿರುಗುವವರೆಗೂ ನಿಮ್ಮಜ್ಜ ನೋಡುತ್ತ ನಿಂತಿದ್ದರು.

"ಊರಲ್ಲಿ ಎಲ್ರೂ ಹಿಂಗೇ ಅಂದ್ಕೊಂಡವ್ರೆ. ಕಾಡಲ್ಲಿ ಇಷ್ಟು ವರ್ಷ ಇದ್ದು ಜ್ವರ ಒಂದು ಸಂಪಾದಿಸ್ಕೊಂಡ ಅಂತ. ಅಪ್ಪ ಒಂದ್ಸಲ ಆ ಹಕ್ಕಿ ನೋಡಿದ್ರೆ ಸಾಕಿತ್ತು ಕಣೇ" ಎಂದರು.

ಗೂಡು ನಮ್ಮ ಕಣ್ಣಿಗೆ ಬಿದ್ದದ್ದು ಅದಾದ ಸ್ವಲ್ಪ ದಿನಕ್ಕೆ. ಒಂದು ಹಕ್ಕಿ ಬಾಯಲ್ಲಿ ಕಡ್ಡಿ ಹಿಡಿದು ಹಾರಿದ್ದನ್ನು ನಾನು ನೋಡಿದೆ. ಒಂದು ಸಲಕ್ಕೆ ಒಂದೇ ಕಡ್ಡಿ. ಹಿಂಬಾಲಿಸಿ ಹೋದರೆ ಕೊರಕಲಿನಲ್ಲಿ ಬೆಳೆದ ಒಂದು ನಡುಪ್ರಾಯದ ಮರ. ಕೊರಕಲಿನ ದಂಡೆಯ ಮೇಲೆ ನಿಂತರೆ ಅದರ ನಡುಕೊಂಬೆ ಸರಿಯಾಗಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಅಲ್ಲಿ ಹೆಣ್ಣು ಹಕ್ಕಿ ಕೂತಿತ್ತು. ಗಂಡು ತಂದು ಕೊಟ್ಟ ಕಡ್ಡಿಯನ್ನು ತೆಗೆದುಕೊಂಡು, ಅಲ್ಲಿಟ್ಟು ಇಲ್ಲಿಟ್ಟು, ಕೊನೆಗೆ ತನ್ನ ಹೊಟ್ಟೆಯಡಿಗೆ ಸೇರಿಸಿಕೊಂಡಿತು. ಗಂಡು ಇನ್ನೊಂದು ತರಲು ಹೋಯಿತು. ಗೂಡೆಂದರೆ ಅಷ್ಟೇ, ಹಿಡಿಯಷ್ಟು ಕಡ್ಡಿ. ಕೆಳಗೆ ನಿಂತು ನೋಡಿದರೆ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು, ಆಮೇಲೆ ಬೆಳ್ಳನೆಯ ಮೊಟ್ಟೆಯೂ ಕಂಡಿತು. ಒಂದೇ ಮೊಟ್ಟೆ. ಅಷ್ಟು ದೊಡ್ಡ ಹಕ್ಕಿ ತನ್ನ ಒಂದೇ ಮೊಟ್ಟೆಯನ್ನು ಅಷ್ಟು ಬಡ ಗೂಡಿನಲ್ಲಿಟ್ಟುಕೊಂಡು, ಬೆಟ್ಟದ ಗಾಳಿಗೆ ಕೊಂಬೆ ತೂಗಿದರೂ ಕದಲದೆ ಕೂತಿರುತ್ತಿತ್ತು.

ದಿನವೂ ಅಡಿಗೆ ಮುಗಿಸಿ ಹೋಗಿ ದಂಡೆಯ ಪೊದೆಯ ಹಿಂದೆ ಕೂರುತ್ತಿದ್ದೆವು. ಹಕ್ಕಿಗೆ ಅಭ್ಯಾಸವಾಗಲೆಂದು ಕ್ಯಾಮರಾದ ಮೂರು ಕಾಲನ್ನು ಮೊದಲೇ ನೆಟ್ಟು, ಕ್ಯಾಮರಾದ ಬದಲು ಒಂದು ಡಬ್ಬಿ ಇಟ್ಟು ಸೊಪ್ಪು ಹೊದಿಸಿ ಬಿಟ್ಟಿದ್ದರು. ಬಿಸಿಲೇರಿದ ಮೇಲೆ ಗಂಡು ಬಂದು ಕೊಂಬೆಯ ಮೇಲೆ ನಡೆದು ಗೂಡಿನ ಪಕ್ಕ ನಿಲ್ಲುತ್ತಿತ್ತು. ಹೆಣ್ಣು ಎದ್ದು, ಒಂದು ರೆಕ್ಕೆ, ಆಮೇಲೆ ಇನ್ನೊಂದು ರೆಕ್ಕೆ ಚಾಚಿ ಮೈಮುರಿದು ಹಾರುತ್ತಿತ್ತು. ಸಂಜೆಯ ಮುಂಚೆ ಮತ್ತೆ ಬಂದು ತನ್ನ ಜಾಗ ತೆಗೆದುಕೊಳ್ಳುತ್ತಿತ್ತು. ಕೊರಕಲಿನ ಬುಡದ ಗುಂಡಿಗೆ ಅದು ನೀರಿಗಿಳಿದದ್ದನ್ನೂ ನೋಡಿದೆ. ಕೋಳಿಯ ಹಾಗೆ ಗುಟುಕಿಗೊಮ್ಮೆ ಕತ್ತೆತ್ತುವುದಿಲ್ಲ. ಕೊಕ್ಕು ಮುಳುಗಿಸಿದರೆ ಮುಗಿಯಿತು, ಹಸುವಿನಂತೆ ಒಂದೇ ಸಮ ಹೀರಿ, ಸಾಕೆನಿಸಿದ ಮೇಲೆಯೇ ತಲೆ ಎತ್ತುವುದು. ಅದನ್ನು ನಾನು ಇವರಿಗೆ ತೋರಿಸಿದಾಗ ಇಬ್ಬರಿಗೂ ಏನೋ ನಿಧಿ ಸಿಕ್ಕಿದ ಸಂತೋಷ.

ನಮಗೆ ಹಾಲು ಕೊಡುತ್ತಿದ್ದ ಹೆಂಗಸಿಗೆ ಇದೆಲ್ಲ ತಮಾಷೆ. "ಏನವ್ವಾ, ಗಂಡ ಹೆಂಡ್ತಿ ದಿನಾ ಕಾಡಿಗೆ ಹೊಂಟೀರಿ. ಅದ್ಯಾರ ಬಾಣಂತನ ಮಾಡಾಕೋ?" ಎಂದು ಕೇಳಿದಳು.

ನನಗೆ ನಾಚಿಕೆಯಾಗಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ಅವಳು ಹೇಳಿದ್ದು ಸುಳ್ಳಂತೂ ಅಲ್ಲ.

ಫೋಟೋ ಮಾತ್ರ ಕೈಗೆ ಬರಲೊಲ್ಲದು. ಆಗಿನ ಪ್ಲೇಟುಗಳಿಗೆ ಬೆಳಕು ತಾಕುವುದಕ್ಕೆ ಸಮಯ ಬೇಕಿತ್ತು. ಹಕ್ಕಿಯ ಎದುರಿಗೆ ಕೈಯಾಡಿಸಬಾರದೆಂದು ಇವರು ಕ್ಯಾಮರಾದ ಕಣ್ಣಿಗೆ ಕರಿ ರಟ್ಟಿನ ಮುಚ್ಚಳ ಕಟ್ಟಿ, ಅದಕ್ಕೆ ದಾರ ಪೋಣಿಸಿ ಪೊದೆಯ ಹಿಂದಕ್ಕೆ ತಂದಿದ್ದರು. ದಾರ ಎಳೆದರೆ ಮುಚ್ಚಳ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ನಡುವಿನ ಸಮಯ ಎಣಿಸಲು ಅವರದೊಂದು ಕ್ರಮ. "ಓಂ ನಮಃ ಶಿವಾಯ" ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಬಯಲ ಬಿಸಿಲಿಗೆ ಒಂದು ಸಲ, ಮರದ ನೆರಳಿಗೆ ಮೂರು ಸಲ. ದಿನಕ್ಕೆರಡು ಬಾರಿ ಲಿಂಗಪೂಜೆ ಮಾಡುವ ಮನೆಯವರು, ಎಣಿಕೆಗೆ ಬೇರೆ ಇನ್ನೇನು ನೆನಪಾದೀತು? ತೆಗೆದ ಪ್ಲೇಟನ್ನು ಬಚ್ಚಲುಮನೆಯಲ್ಲಿ, ಕಿಟಕಿಗೆ ಕರಿ ಕಂಬಳಿ ಬಡಿದು, ಕೆಂಪು ಗಾಜಿನ ಲಾಂದ್ರದ ಬೆಳಕಿನಲ್ಲಿ ಔಷಧಿಯಲ್ಲಿ ತೊಳೆಯುತ್ತಿದ್ದರು. ಪ್ರತಿ ಸಲವೂ ಗಾಜು ಗಾಜಾಗಿಯೇ ಉಳಿಯುತ್ತಿತ್ತು. ಹಕ್ಕಿ ಇರಬೇಕಾದ ಕಡೆ ಒಂದಿಷ್ಟು ಮಸಕು, ಅಷ್ಟೇ. ಆ ನೆರಳಿಗೆ ಅವರ ಎಣಿಕೆ ಸಾಲುತ್ತಿರಲಿಲ್ಲವೆಂದು ಆಗ ನಮಗೆ ತಿಳಿದಿರಲಿಲ್ಲ. ಪ್ಲೇಟುಗಳಿಗೇ ತೇವ ಹಿಡಿದು ಕೆಟ್ಟಿರಬೇಕೆಂದುಕೊಂಡಿದ್ದರು. ಪೆಟ್ಟಿಗೆ ಬರಿದಾಗುತ್ತ ಬಂತು.

ಕೊನೆಗೆ ಒಂದೇ ಪ್ಲೇಟು ಉಳಿಯಿತು. ಹಿಂದಿನ ಸಂಜೆಯೇ ಕ್ಯಾಮರಾ ನೆಟ್ಟು, ಗೂಡಿಗೆ ಗುರಿ ಸರಿಮಾಡಿ, ಮೇಣಗಪ್ಪಡ ಹೊದಿಸಿ ಬಂದಿದ್ದರು. ಬೆಳಿಗ್ಗೆ ಏಳಲಿಕ್ಕೆ ಹೋದರೆ ಇವರಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುತ್ತಿತ್ತು. ಇದ್ದ ಕಂಬಳಿಗಳನ್ನೆಲ್ಲ ಹೊದಿಸಿದೆ. ಪಶ್ಚಿಮಕ್ಕೆ ಮೋಡ ಕಟ್ಟಲು ಶುರುವಾಗಿತ್ತು. ಭಾವನವರ ಗಾಡಿ ಇಂದೋ ನಾಳೆಯೋ ಎಂಬಂತಿತ್ತು.

ಕಂಬಳಿಯೊಳಗಿಂದ ಕೈ ಚಾಚಿ, ಬೆಳಕು ತಾಕದಂತೆ ತಗಡು ಮುಚ್ಚಿದ ಪ್ಲೇಟಿನ ಚಪ್ಪಟೆ ಪೆಟ್ಟಿಗೆ ನನ್ನ ಕೈಗಿಟ್ಟರು. "ನೀನು ಹೋಗಿ ಬಾ."

"ನನ್ನ ಕೈಲಾಗಲ್ಲ ಕಣ್ರೀ" ಎಂದೆ.

ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. "ಇದನ್ನ ಹಿಂದೆ ತೂರಿಸು. ಮುಂದಿನ ತಗಡು ಎಳಿ. ದಾರ ಎಳಿ. ಮೂರು ಸಲ ಓಂ ನಮಃ ಶಿವಾಯ. ದಾರ ಬಿಡು, ತಗಡು ಹಾಕು. ಅಷ್ಟೇ ಕಣೇ. ನನ್ನ ಕೈ ಈ ಥರ ನಡುಗ್ತಾ ದಾರ ಹಿಡಿದ್ರೆ ಹಕ್ಕಿ ಊರು ಬಿಟ್ಟು ಹೋಗ್ತದೆ."

ಹೋದೆ. ಒಬ್ಬಳೇ ಆ ದಾರಿ ನಡೆದದ್ದು ಅದೇ ಮೊದಲು. ದಂಡೆಯ ಮೇಲೆ ತೆವಳಿಕೊಂಡೇ ಹೋಗಿ ಹೇಳಿದ ಹಾಗೆ ಪ್ಲೇಟು ತೂರಿಸಿ, ತಗಡು ಎಳೆದು, ಪೊದೆಯ ಹಿಂದೆ ಕೂತೆ. ಗೂಡಿನಲ್ಲಿ ಹೆಣ್ಣು ಹಕ್ಕಿ ಕೂತಿತ್ತು. ಮುಖ ಕಣಿವೆಯ ಕಡೆ. ಕಪ್ಪು ಎಲೆಗಳ ನಡುವೆ ಅದರ ಬೆಳ್ಳನೆಯ ತಲೆ ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು. ದಾರ ಎಳೆದೆ.

ನಮ್ಮ ಅಜ್ಜಿ ನನಗೆ ಜಪ ಕಲಿಸಿದ್ದು ಬೇರೆ ರೀತಿ. ಒಂದು ಸಲ ಹೇಳಿದರೆ ಒಂದು ಉಸಿರು ಪೂರ್ತಿ ಅದಕ್ಕೇ ಹೋಗಬೇಕು. ಇವರು ಓಡುತ್ತಾ ಹೇಳುವುದನ್ನು ನಾನು ಕೂತು ಹೇಳುವವಳು. ದಾರ ಕೈಯಲ್ಲಿದ್ದಾಗ ಅದ್ಯಾವುದೂ ಹೊಳೆಯಲಿಲ್ಲ, ನನ್ನ ನಾಲಿಗೆಗೆ ಬಂದದ್ದು ನನ್ನ ಜಪ. ಎರಡನೆಯದರ ನಡುವಿನಲ್ಲಿದ್ದೆ, ಹಕ್ಕಿ ತಲೆ ತಿರುಗಿಸಿತು. ಸರಕ್ಕನೆ ಈ ಕಡೆಗೆ ತಿರುಗಿ, ಕೆಂಪು ಗೆರೆಯ ಕಣ್ಣಿನಿಂದ ನೇರ ಪೊದೆಯನ್ನು ನೋಡಿತು. ನನ್ನನ್ನೇ ನೋಡಿತು. ಯಾರಾದರೂ ಹಾಗೆ ದಿಟ್ಟಿಸಿದರೆ ತಲೆ ತಗ್ಗಿಸುವವಳು ನಾನು. ಆ ಹೊತ್ತು ತಗ್ಗಿಸಲಿಲ್ಲ. ದಾರವನ್ನೂ ಬಿಡಲಿಲ್ಲ. ಹಿಡಿದ ಎಣಿಕೆ ಮುಗಿಯದೆ ಜಪ ಮುರಿಯಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಮೂರನೆಯದೂ ಮುಗಿಯಿತು. ಮುಚ್ಚಳ ಬಿತ್ತು. ಹಕ್ಕಿ ಎದ್ದು ಹೋಗಲಿಲ್ಲ. ಎದೆಯ ಗರಿ ಉಬ್ಬಿಸಿ, ಮೊಟ್ಟೆಯ ಮೇಲೆ ಇನ್ನೊಂದಿಷ್ಟು ಒತ್ತಿಕೊಂಡು ಕೂತಿತು.

ಚಳಿ ಬಿಟ್ಟು ಬೆವರಿಳಿದ ಮೇಲೆ ಇವರು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ನಾನು ಲಾಂದ್ರ ಹಿಡಿದೆ. ತಟ್ಟೆಯ ಔಷಧಿಯಲ್ಲಿ ಗಾಜು ಅಲುಗಾಡಿಸುತ್ತ ಅಲುಗಾಡಿಸುತ್ತ, ಮೊದಲು ಎಲೆ ಬಂತು, ಆಮೇಲೆ ಕೊಂಬೆ, ಆಮೇಲೆ ಕಡ್ಡಿ ಕಡ್ಡಿಯೂ ಲೆಕ್ಕ ಸಿಗುವಂತೆ ಗೂಡು. ರೆಕ್ಕೆಯ ಒಂದೊಂದು ಗರಿಯ ಅಂಚು. ಅಂಥ ಪ್ಲೇಟು ಆ ಪೆಟ್ಟಿಗೆಯಲ್ಲಿ ಒಂದೂ ಬಂದಿರಲಿಲ್ಲ. ಇವರು ತಟ್ಟೆಯ ಮೇಲೆ ಇನ್ನಷ್ಟು ಬಾಗಿದರು. ಆಮೇಲೆ ಕತ್ತು ಬಂತು. ಕತ್ತಿನ ಮೇಲೆ ಎಡಕ್ಕೊಂದು, ಬಲಕ್ಕೊಂದು, ಎರಡು ತಲೆ.

ನನಗೆ ಅಳು ಬಂತು. ಅವರು ನಗಲು ಶುರುಮಾಡಿದರು. ಜ್ವರ ಬಿಟ್ಟ ಮೈ, ನಕ್ಕು ನಕ್ಕು ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟರು.

"ನಿನ್ನನ್ನ ತಿರುಗಿ ನೋಡ್ತಲ್ಲೇ! ನಾನು ಇಷ್ಟು ದಿನ ಕೂತಿದ್ದೆ, ಒಂದಿನ ನನ್ನ ಕಡೆ ನೋಡ್ಲಿಲ್ಲ ಅದು."

ಎರಡು ದಿನಕ್ಕೆ ಗಾಡಿ ಬಂತು, ಬೆಟ್ಟ ಇಳಿದೆವು. ಆ ಗಾಜನ್ನು ನನ್ನ ಸೀರೆಗಳ ನಡುವೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಊರಿಗೆ ಬಂದ ಮೇಲೆ ಇವರು ಅಂಗಳದಲ್ಲಿ, ಗಾಜಿನ ಕೆಳಗೆ ಕಾಗದ ಇಟ್ಟು ಬಿಸಿಲಿಗೆ ಹಿಡಿದು ಫೋಟೋ ಮಾಡಿದರು. ಮಾವನವರು ತೆಂಗಿನ ಗರಿಯ ನೆರಳಲ್ಲಿ ಕೂತಿದ್ದರು. ಇವರು ಎರಡೂ ಕೈಯಲ್ಲಿ ಫೋಟೋ ಹಿಡಿದು ಅವರ ಮುಂದೆ ಇಟ್ಟರು. ಅದನ್ನು ಮೊದಲು ನೋಡಿದವರು ಪಕ್ಕದಲ್ಲಿದ್ದ ಪಟೇಲರು.

"ಶಿವ ಶಿವಾ! ಗಂಡಭೇರುಂಡ ಕಣ್ರಪ್ಪೋ!" ಎಂದು ಎದ್ದು ನಿಂತು ಕೈ ಮುಗಿದರು. "ಅಮಲ್ದಾರ್ರ ಜವಾನನ ಬಿಲ್ಲೆ ಮ್ಯಾಲೆ ಐತಲ್ಲ, ಅದೇಯ! ನಮ್ಮ ಅರಸರ ಹಕ್ಕಿ! ಬೆಟ್ಟದಾಗೆ ಇನ್ನೂ ಅವೆ ಅಂತ ನಮ್ಮಜ್ಜ ಹೇಳ್ತಿದ್ದ."

ಅಲ್ಲಿಗೆ ಮುಗಿಯಿತು. ಅತ್ತೆ ವಿಭೂತಿ ಕುಂಕುಮ ತಂದರು. ಫೋಟೋ ಮಣೆಯ ಮೇಲೆ ಏರಿತು. ಮಾರನೆಯ ದಿನದಿಂದ ಕಡೂರು, ಅಜ್ಜಂಪುರದ ಕಡೆಯ ನೆಂಟರೆಲ್ಲ ಕಾಯಿ, ಊದುಬತ್ತಿ ಹಿಡಿದು ಬರತೊಡಗಿದರು. ಭಾವನವರ ಎದೆ ಒಂದು ಗೇಣು ಉಬ್ಬಿತು. "ನಮ್ಮ ತಮ್ಮ ಸುಮ್ನೆ ಕಾಡಾಗೆ ಕೂತಿದ್ದ ಅಂದ್ಕಂಡ್ರಾ? ಅದು ಜೋಳ ತಿನ್ನಲ್ಲ ಕಣ್ರೀ. ನಾನೇ ಹಾಕಿ ನೋಡೀನಿ. ದೇವರ ಹಕ್ಕಿ ಜೋಳ ತಿಂತೈತಾ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅದು ಪಾರಿವಾಳ ಎಂದು ಇವರು ಹೇಳದೆ ಇರಲಿಲ್ಲ. ಹೇಳಿದರೆ, ಎಷ್ಟು ದೊಡ್ಡ ಭಾಗ್ಯ ಬಂದರೂ ಎಷ್ಟು ನಿಗರ್ವಿ ನೋಡಿ ಎಂದರು ಬಂದವರು. ಅವರು ಏನು ಕೇಳಿದರೆಂದು ಇವರಿಗೆ ಕೇಳಿಸುತ್ತಿರಲಿಲ್ಲ. ಇವರು ಕೊಟ್ಟ ಉತ್ತರ ಇನ್ನೇನಕ್ಕೋ ಆಗುತ್ತಿತ್ತು. ಬಚ್ಚಲಲ್ಲಿ ಬಿದ್ದು ಬಿದ್ದು ನಕ್ಕವರು ದಿನ ಕಳೆದಂತೆ ಸುಮ್ಮನಾದರು. ಒಂದು ದಿನ ಊಟದ ತಟ್ಟೆಯ ಮುಂದೆ ನನಗೊಬ್ಬಳಿಗೇ ಹೇಳಿದರು:

"ಅಪ್ಪ ಹಕ್ಕಿ ನೋಡ್ಲೇ ಇಲ್ಲ ಕಣೇ. ಜವಾನನ ಬಿಲ್ಲೆ ನೋಡಿದ್ರು."

ಅಂದು ಮಧ್ಯಾಹ್ನವೂ ಪಡಸಾಲೆ ತುಂಬ ಗಂಡಸರು. ಫೋಟೋವನ್ನು ಮಠಕ್ಕೆ ಒಪ್ಪಿಸಬೇಕೆಂದು ಪಟೇಲರು, ಮನೆಯಲ್ಲೇ ಇರಲೆಂದು ಭಾವನವರು. ಮಾವನವರು ಮಣೆಯ ಕಡೆ ನೋಡುತ್ತಿದ್ದರು. ನಿಮ್ಮಜ್ಜ ಕಂಬಕ್ಕೊರಗಿ ಕೂತು ಯಾರ ತುಟಿ ಅಲುಗುತ್ತದೋ ಅತ್ತ ಮುಖ ತಿರುಗಿಸುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಮದುವೆಯಾದಾಗಿನಿಂದ ಮಾವನವರ ಎದುರು ನಾನು ಬಾಯಿ ಬಿಟ್ಟವಳಲ್ಲ. ಮಠಕ್ಕೆ ಹೋದರೆ ಆ ಹಕ್ಕಿಗೆ ಎಂದೆಂದಿಗೂ ಎರಡು ತಲೆಯೇ ಉಳಿಯುತ್ತದೆ ಎನಿಸಿತು. ನನ್ನ ಮಾತು ನನಗೇ ಕೇಳಿಸಿತು:

"ಅದಕ್ಕೆ ಒಂದೇ ತಲೆ ಐತೆ, ಮಾವಯ್ಯ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹಿಂದಿನಿಂದ ಅತ್ತೆ ನನ್ನ ಸೆರಗು ಜಗ್ಗಿದರು.

"ಯಾರದು? ಚಿಕ್ಕ ಸೊಸೆನಾ?" ಮಾವನವರು ಕೇಳಿದರು. "ನೀನು ನೋಡೀಯೇನಮ್ಮಾ?"

"ನೋಡೀನಿ. ಅದನ್ನ ತೆಗೆದೋಳು ನಾನೇ. ಮೊದಲು ಅದು ಆ ಕಡೆ ನೋಡ್ತಿತ್ತು. ನನ್ನ ಎಣಿಕೆ ಮುಗಿಯೋ ಮುಂಚೆ ಈ ಕಡೆ ತಿರುಗ್ತು. ಎರಡೂ ಕಡೆ ನೋಡಿದ್ದು ಒಂದೇ ತಲೆ. ಅದು ಪಾರಿವಾಳ. ಮೊಟ್ಟೆ ಮೇಲೆ ಕೂತೈತೆ."

"ಹೆಣ್ಣೆಂಗಸು ಫೋಟೋ ತೆಗೆದ್ಲಂತೆ!" ಎಂದು ಪಟೇಲರು ನಕ್ಕರು. "ಹಕ್ಕಿ ತಲೆ ತಿರುಗಿಸಿದ್ರೆ ಕಾಳು ಒಡೆದಂಗೆ ಎರಡಾಗಾಕೆ, ಅದೇನು ಬೀಸೋ ಕಲ್ಲಾ?"

"ಸ್ವಲ್ಪ ತಡೀರಿ ಪಟೇಲ್ರೇ" ಎಂದರು ಮಾವನವರು. ಎದ್ದು ಮಣೆಯ ಮೇಲಿನ ಫೋಟೋ ತೆಗೆದುಕೊಂಡು ಅಂಗಳದ ಬೆಳಕಿಗೆ ಬಂದರು. ಹೆಗಲ ವಸ್ತ್ರದಿಂದ ಅದರ ಮೇಲಿನ ವಿಭೂತಿ ಕುಂಕುಮ ಒರೆಸಿದರು. ಹೆಬ್ಬೆರಳಿನಿಂದ ಬಲಗಡೆಯ ತಲೆ ಮುಚ್ಚಿ ನೋಡಿದರು. ಆಮೇಲೆ ಎಡಗಡೆಯದು ಮುಚ್ಚಿ ನೋಡಿದರು. ಮತ್ತೆ ಮೊದಲಿನದು. ಬಹಳ ಹೊತ್ತು ನೋಡಿದರು. ಗೂಡಿನ ಕಡ್ಡಿಗಳ ಮೇಲೆ ಅವರ ಬೆರಳು ಓಡಾಡಿತು.

"ಗಾತ್ರ ಎಷ್ಟಮ್ಮಾ?"

ನಾನು ಬಾಗಿಲಿನಿಂದ ಈಚೆ ಬಂದು ಎರಡು ಕೈ ಅಗಲಿಸಿ ತೋರಿಸಿದೆ. ಅಷ್ಟು ಜನರ ಮುಂದೆ ಕೈ ಅಗಲಿಸಿ ನಿಂತಿದ್ದೇನೆಂದು ಆಮೇಲೆ ಅರಿವಾಯಿತು.

ಇಷ್ಟು ಹೊತ್ತೂ ನಿಮ್ಮಜ್ಜನಿಗೆ ಏನಾಗುತ್ತಿದೆಯೆಂದೇ ತಿಳಿದಿರಲಿಲ್ಲ. ನನ್ನನ್ನು ನೋಡುತ್ತಾರೆ, ಅಪ್ಪನ ಕೈಯ ಫೋಟೋ ನೋಡುತ್ತಾರೆ. "ಏನಂದ್ಲು? ಏನಾದ್ರೂ ಅಂದ್ಲಾ ಅವಳು?" ಎಂದು ಭಾವನವರನ್ನು ಕೇಳಿದರು. ಭಾವನವರು ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದರು.

ಮಾವನವರೇ ಬಂದು ಮಗನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಒಂದೇ ತಲೆಯಂತೆ ಕಣೋ! ಭಾರಿ ಚೆಂದದ ಪಾರಿವಾಳ ಕಣೋ!"

ಇವರ ಮುಖ ನೋಡಲು ನನಗೆ ಪುರಸೊತ್ತಾಗಲಿಲ್ಲ. ಅತ್ತೆ ನನ್ನ ತೋಳು ಹಿಡಿದು ಒಳಗೆಳೆದುಕೊಂಡಿದ್ದರು. ಮೂಲೆಯಲ್ಲಿ ಗಂಡಭೇರುಂಡಕ್ಕೆಂದು ಬಂದ ತೆಂಗಿನಕಾಯಿಗಳ ರಾಶಿ ಬಿದ್ದಿತ್ತು.

"ಮಾತಾಡಿದ್ದಾಯ್ತಲ್ಲ, ನಮ್ಮವ್ವಾ" ಎಂದು ಈಳಿಗೆಮಣೆ ನನ್ನ ಮುಂದೆ ಸರಿಸಿದರು. "ಕಾಯಿ ತಂದೋರೆಲ್ಲ ಹಿಂದಕ್ಕೆ ಕೊಡಿ ಅನ್ನೋ ಮುಂಚೆ ಕೂತು ತುರಿ."